ಅಂಬಿಗನ ವಿದಾಯದ ನಾಲ್ಕು ಮಾತ್ರೆ

ಜುಲೈ 9, ಬುಧವಾರ

ಈ ಡೈರಿ ನನ್ನದಲ್ಲ, ನಮ್ಮ ಯಜಮಾನರದು. ಜನವರಿ ಒಂದರಿಂದ ಜೂನ್ ಹದಿಮೂರರವರೆಗೆ ಅವರ ಕೈಬರಹವಿದೆ. ಆಮೇಲಿನ ಹಾಳೆಗಳು ಖಾಲಿ. ಹದಿನಾಲ್ಕರ ಬೆಳಿಗ್ಗೆ ಪೇಪರ್ ಓದಿ ಮಡಿಸಿಟ್ಟು, ಎದೆ ಉರಿಯುತ್ತಿದೆ, ಒಂದು ಲೋಟ ಮಜ್ಜಿಗೆ ಕೊಡು ಎಂದರು. ನಾನು ಮಜ್ಜಿಗೆ ಕಡೆದು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲೋಟ ಎಲ್ಲಿಟ್ಟೆನೋ ಈಗಲೂ ನೆನಪಾಗುವುದಿಲ್ಲ.

ಬರೆದರೆ ಹಗುರಾಗುತ್ತೆ ಎನ್ನುತ್ತಾಳೆ ಮಗಳು ಅಪೂರ್ವ. ಅವಳು ಕುವೆಂಪುನಗರದಲ್ಲಿ ಹಲ್ಲಿನ ಡಾಕ್ಟರು, ಮನಸ್ಸಿನ ಡಾಕ್ಟರಲ್ಲ. ಆದರೂ ಬರೆಯುತ್ತಿದ್ದೇನೆ. ದುಡ್ಡು ಕೊಟ್ಟು ತಂದ ಡೈರಿ ಅರ್ಧಕ್ಕೇ ನಿಂತರೆ ನನಗೆ ತಡೆಯುವುದಿಲ್ಲ.

ಅವರು ಬರೆದದ್ದನ್ನೆಲ್ಲ ಓದಿದೆ. ನನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಿದೆ ಅಂತಲೇ ಇಟ್ಟುಕೊಳ್ಳಿ. ಆರು ತಿಂಗಳಲ್ಲಿ ಎರಡು ಸಲ ಇದೆ. ‘ಚೂಡಾಮಣಿಯ ಕನ್ನಡಕ ರಿಪೇರಿಗೆ ಕೊಟ್ಟಿದ್ದು.’ ‘ಚೂಡಾಮಣಿಗೆ ಬಿಪಿ ಮಾತ್ರೆ ತರುವುದು.’ ಉಳಿದದ್ದೆಲ್ಲ ನೀಲದ್ವೀಪ.

‘ನೀಲದ್ವೀಪದ ಅಂಬಿಗ’ ಎಂಬ ಸಿನಿಮಾ 1988ರ ನವೆಂಬರಿನಲ್ಲಿ ಬಂತು. ಒಂದು ಮಾಯಾ ದ್ವೀಪ, ಕಲ್ಲಾದ ರಾಣಿ, ತಾನೇ ಸಾಗುವ ದೋಣಿ. ಮೂರು ವಾರ ಓಡಿ ಹೋಯಿತು. ಹಾಡುಗಳ ಕ್ಯಾಸೆಟ್ ಅಂಗಡಿಗೆ ಬಂತೇ ಹೊರತು ಹಿನ್ನೆಲೆ ಸಂಗೀತ ಎಲ್ಲೂ ಸಿಗಲಿಲ್ಲ. ಇವರಿಗೆ ಅದೇ ಬೇಕು. ಟೂ ಇನ್ ಒನ್ ಟೇಪ್ ರೆಕಾರ್ಡರನ್ನು ಬಟ್ಟೆಯ ಚೀಲದಲ್ಲಿ ಬಚ್ಚಿಟ್ಟುಕೊಂಡು ಟಾಕೀಸಿಗೆ ಹೋಗಿ, ತುಂಡು ತುಂಡಾಗಿ ಐದು ಆಟಗಳಲ್ಲಿ ಪೂರ್ತಿ ರೆಕಾರ್ಡ್ ಮಾಡಿದರು. ಚೀಲ ಇದ್ದದ್ದು ನನ್ನ ತೊಡೆಯ ಮೇಲೆ. ಹೆಂಗಸರ ಚೀಲವನ್ನು ಗೇಟಿನವನು ನೋಡುವುದಿಲ್ಲ ಎಂದು ನನ್ನನ್ನು ಕರೆದುಕೊಂಡು ಹೋಗಿದ್ದರು. ಮದುವೆಯಾಗಿ ಆರು ತಿಂಗಳು. ನನಗೆ ಇಪ್ಪತ್ಮೂರು.

ಆ ರೆಕಾರ್ಡಿಂಗಿನ ಕಾಪಿಗಳಿಂದ ಊರಲ್ಲಿ ನೀಲದ್ವೀಪ ಬಳಗ ಹುಟ್ಟಿಕೊಂಡಿತು. ಇವರ ತಾತ ಅರಮನೆ ಬ್ಯಾಂಡಿನಲ್ಲಿದ್ದವರು. ಗೀಟುಗಳ ಮೇಲೆ ಸ್ವರ ಬರೆಯುವ ಇಂಗ್ಲಿಷ್ ನೊಟೇಶನ್ ಇವರಿಗೆ ಅ ಆ ಇ ಈ ಜೊತೆಗೇ ಬಂದಿತ್ತು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮುಗಿಸಿ ಬಂದು, ಕ್ಯಾಸೆಟ್ ಕೇಳಿ ಕೇಳಿ ಕ್ಲಾರಿಯೋನೆಟ್‌ಗೆ, ಪಿಟೀಲಿಗೆ, ಹಾರ್ಮೋನಿಯಂಗೆ, ಕೀಬೋರ್ಡಿಗೆ ಬೇರೆ ಬೇರೆಯಾಗಿ ಬರೆದರು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಒಂಟಿಕೊಪ್ಪಲಿನ ಒಂದು ಶಾಲೆಯ ಮಹಡಿಯಲ್ಲಿ ಅಭ್ಯಾಸ. ನವೆಂಬರಿನಲ್ಲಿ ಕಾರ್ಯಕ್ರಮ, ಜೊತೆಗೊಂದು ಕ್ವಿಜ್.

ಮೂವತ್ತೇಳು ವರ್ಷ. ಒಂದು ಭಾನುವಾರವೂ ನೀನೂ ಬಾ ಎಂದು ಕರೆಯಲಿಲ್ಲ. ಚಪ್ಪಲಿ ಮೆಟ್ಟಿ, ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು ‘ಹೋಗಿ ಬರ್ತೀನಿ’ ಎನ್ನುವರು. ಆಮೇಲೂ ಜೇಬು ತಡಕುತ್ತ ಒಂದು ಗಳಿಗೆ ಅಲ್ಲೇ ನಿಲ್ಲುವರು. ‘ಬೀಗದ ಕೈ ಇದೆಯಾ’ ಎಂದು ನಾನು ಕೇಳಬೇಕು, ಆಗ ಹೊರಡುವರು. ಸಂಗೀತದ ಗಂಧವಿಲ್ಲದ ಹೆಂಡತಿಯನ್ನು ನಾಲ್ಕು ಜನರ ಮುಂದೆ ಕರೆದೊಯ್ಯಲು ನಾಚಿಕೆಯಿತ್ತೋ ಏನೋ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಬರುತ್ತದೆ, ಏನು ಮಾಡಲಿ.

ಜುಲೈ 20, ಭಾನುವಾರ

ನಾಲ್ಕು ಗಂಟೆಗೆ ಸರಿಯಾಗಿ ಗೇಟು ಸದ್ದಾಯಿತು. ಸೌಟು ಹಿಡಿದೇ ಬಾಗಿಲಿಗೆ ಓಡಿದೆ. ನೋಡಿದರೆ ಮಹದೇವು. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ನುಡಿಸುವವರು, ವರುಣದ ಕಡೆಯವರು, ಬಳಗದಲ್ಲಿ ಇವರ ನಂತರ ಹಿರಿಯರು ಅವರೇ. ಒಳಗೆ ಬನ್ನಿ ಎಂದರೂ ಬರದೆ ಜಗಲಿಯ ಮೇಲೆ ಕೂತರು.

“ಒಂಟಿಕೊಪ್ಪಲ್‌ಗೆ ಅಂತ ಹೊರಟೆ ಅಮ್ಮಾವ್ರೆ. ಕಾಲು ಈ ಕಡೆ ತಿರುಗ್ಬುಡ್ತು. ಮೇಷ್ಟ್ರು ಇಲ್ದೆ ಆ ಮಹಡಿ ಎಂಗೆ ಹತ್ತೋದು ಹೇಳಿ.”

ನನಗೆ ಅಳು ಬಂದರೂ ತೋರಿಸಿಕೊಳ್ಳಲಿಲ್ಲ. ಕಾಫಿ ಕೊಟ್ಟೆ. ಅವರು ಕ್ವಿಜ್‌ನ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ತಂದಿದ್ದರು. ಇನ್ನು ಇದು ನಿಮ್ಮ ಮನೇಲೇ ಇರ್ಲಿ ಎಂದರು. ಇಪ್ಪತ್ತು ಪ್ರಶ್ನೆ, ಪ್ರತಿ ವರ್ಷವೂ ಹೆಚ್ಚು ಕಡಿಮೆ ಅವೇ. ದೋಣಿಯ ಗಂಟೆಯ ನಾದ ಹೇಗೆ ಬಂತು? ಎತ್ತಿನ ಕೊರಳಿನ ಗಂಟೆಯನ್ನು ನೀರಿನ ಬಕೆಟ್ಟಿಗೆ ಅದ್ದಿ ಬಾರಿಸಿದ್ದು. ಅದು ಒಟ್ಟು ಎಷ್ಟು ಸಲ ಕೇಳುತ್ತದೆ? ಹನ್ನೊಂದು. ರಾಣಿಯ ರಾಗವನ್ನು ಹಿಂದುಮುಂದಾಗಿ ನುಡಿಸಿದರೆ ಯಾರ ರಾಗ? ರಾಕ್ಷಸನದು. ದೊಡ್ಡವರು ಪ್ರತಿ ವರ್ಷ ಕೂತು ಇದನ್ನು ಬರೆಯುತ್ತಿದ್ದರಂತೆ, ಪೆನ್ಸಿಲ್ ಹಿಡಿದು.

“ಹದಿನಾಕನೇದು ನೋಡಿ ಅಮ್ಮಾವ್ರೆ,” ಎಂದು ಬೆರಳಿಟ್ಟು ತೋರಿಸಿದರು. “ಅದ್ರಲ್ಲಿ ಮಾತ್ರ ಯಾರೂ ಮಾರ್ಕ್ಸ್ ಕಳ್ಕೊಂಡಿಲ್ಲ.”

ಪ್ರಶ್ನೆ ಹೀಗಿತ್ತು: ‘ಅಂಬಿಗನ ವಿದಾಯದಲ್ಲಿ ನಾಲ್ಕು ಮಾತ್ರೆ ಮೌನ ಏಕಿದೆ?’ ಸಿನಿಮಾದ ಕೊನೆಗೆ ದೋಣಿ ಒಬ್ಬರನ್ನು ಮಾತ್ರ ಹೊರುತ್ತದೆ. ಅಂಬಿಗ ರಾಣಿಯನ್ನು ಕೂರಿಸಿ ದೋಣಿ ನೂಕಿ, ತಾನು ದಡದಲ್ಲೇ ಉಳಿಯುತ್ತಾನೆ. ಆಗ ಬರುವ ಸಂಗೀತದ ನಡುವೆ ನಾಲ್ಕು ಮಾತ್ರೆ ಎಲ್ಲ ವಾದ್ಯಗಳೂ ನಿಲ್ಲುತ್ತವಂತೆ. ಬಳಗದವರಿಗೆ ಅದೇ ಪ್ರಾಣ. ದೋಣಿಯ ಹುಟ್ಟು ನೀರಿನಿಂದ ಮೇಲೆದ್ದ ಹೊತ್ತು ಅದು ಎಂದು ಒಬ್ಬರು, ಅಂಬಿಗನ ಉಸಿರು ಕಟ್ಟಿದ್ದು ಎಂದು ಇನ್ನೊಬ್ಬರು. ಏನು ಬರೆದರೂ ಇವರು ಪೂರ್ತಿ ಅಂಕ ಕೊಡುತ್ತಿದ್ದರಂತೆ. ಕಾಲೇಜಿನಲ್ಲಿ ಅರ್ಧ ಮಾರ್ಕಿಗೆ ಹುಡುಗರನ್ನು ಅಳಿಸಿದ ಮನುಷ್ಯ.

ಮಾತ್ರೆ ಎಂದರೆ ನನಗೆ ಗೊತ್ತಿರುವುದು ಬಿಪಿ ಮಾತ್ರೆ ಒಂದೇ ಎಂದೆ. ಮಹದೇವು ಜಗಲಿಯ ಮೇಲೆ ಬೆರಳಿನಿಂದ ನಾಲ್ಕು ಸಲ ತಟ್ಟಿ, ಇಷ್ಟೇ ಹೊತ್ತು ಎಂದರು.

ಆಗಸ್ಟ್ 3

ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ಹೇಳುವವರಿಲ್ಲ. ಹಾಗೇ ಉಂಡೆ.

ಆಗಸ್ಟ್ 17, ಭಾನುವಾರ

ಇವತ್ತು ಮಹದೇವು ಜೊತೆಗೆ ದಿವ್ಯ ಎಂಬ ಹುಡುಗಿ ಬಂದಿದ್ದಳು. ಕಣ್ಣಾಸ್ಪತ್ರೆಯೊಂದರಲ್ಲಿ ಕೆಲಸ, ವಯಸ್ಸು ಇಪ್ಪತ್ತಾರು. ಕೊಳಲು ಕಲಿತಿದ್ದಾಳೆ. ಆದರೆ ಇವರು ಬರೆದದ್ದರಲ್ಲಿ ಕೊಳಲಿಗೆ ಜಾಗವೇ ಇಲ್ಲವಂತೆ, ಅದಕ್ಕೆ ಮೂರು ವರ್ಷದಿಂದ ಬಕೆಟ್ಟಿನ ಗಂಟೆ ಬಾರಿಸುತ್ತಿದ್ದಾಳೆ. ಇಬ್ಬರ ಮುಖವೂ ಊದಿಕೊಂಡಿತ್ತು. ದಾರಿಯಲ್ಲೇ ಜಗಳ ಆಡಿಕೊಂಡು ಬಂದಿದ್ದರು.

ವಿಷಯ ಇಷ್ಟು. ಆ ಸಿನಿಮಾದ ಒಳ್ಳೆಯ ಪ್ರಿಂಟು ಯಾರ ಮನೆಯಲ್ಲೋ ಸಿಕ್ಕಿ, ಅದನ್ನು ಶುದ್ಧ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ದಿವ್ಯ ಫೋನಿನಲ್ಲಿ ಕೇಳಿಸಿದಳು. ಅಂಬಿಗನ ವಿದಾಯದಲ್ಲಿ ಎಲ್ಲ ವಾದ್ಯಗಳೂ ನಿಂತವು, ನಿಜ. ಆದರೆ ಅಲ್ಲಿ ಮೌನವಿರಲಿಲ್ಲ. ಒಂಟಿ ಕೊಳಲು ಇತ್ತು. ನಾಲ್ಕೇ ಮಾತ್ರೆ. ನನ್ನಂಥವಳೂ ಇನ್ನೊಂದು ಸಲ ಹಾಕು ಎಂದೆ.

“ನಾವು ಇಷ್ಟು ವರ್ಷ ತಪ್ಪು ನುಡಿಸಿದ್ವಿ ಆಂಟಿ,” ಎಂದಳು. “ಸರ್ ಕ್ಯಾಸೆಟ್ಟಲ್ಲಿ ಅದು ರೆಕಾರ್ಡೇ ಆಗಿಲ್ಲ. ಈ ವರ್ಷ ಸರಿಯಾಗಿ ನುಡಿಸೋಣ ಅಂತ ನಾನು. ಮಹದೇವು ಅಂಕಲ್ ಬೇಡ ಅಂತಾರೆ.”

“ಮೇಷ್ಟ್ರು ಬರ್ದಂಗೇ ನುಡಿಸೋದು,” ಎಂದರು ಮಹದೇವು. “ಐದು ಸಲ ಟಾಕೀಸಲ್ಲಿ ಕೂತು ನೋಡವ್ರೆ. ಅವ್ರ ಕಿವಿಗೆ ಕೊಳಲು ಬೀಳ್ದೆ ಇರ್ತದಾ? ಗೊತ್ತಿದ್ದೇ ಬಿಟ್ಟವ್ರೆ. ಯಾಕೆ ಅಂತ ನಂಗೊತ್ತಿಲ್ಲ ಕಣಮ್ಮ.”

ಕಡೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಇವರ ನೊಟೇಶನ್ ಪುಸ್ತಕ ನನ್ನ ಹತ್ತಿರ ಇರುವುದರಿಂದ ತೀರ್ಮಾನವೂ ನನ್ನದಂತೆ. ಮೂವತ್ತೇಳು ವರ್ಷದಲ್ಲಿ ಆ ಬಳಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು.

“ಸರಿಯಾದದ್ದು ಸಿಕ್ಕಿದ ಮೇಲೆ ತಪ್ಪು ಯಾಕೆ ನುಡಿಸ್ತೀರಿ? ಕೊಳಲು ನುಡಿಸಲಿ,” ಎಂದೆ.

ದಿವ್ಯ ನನ್ನ ಕೈ ಹಿಡಿದುಕೊಂಡಳು. ಮಹದೇವು ಕಾಫಿಯನ್ನು ಪೂರ್ತಿ ಕುಡಿಯದೆ ಲೋಟ ಕೆಳಗಿಟ್ಟರು. ಅವರು ಹೋದ ಮೇಲೆ ಒಂದು ಥರ ಸಮಾಧಾನವಾಯಿತು. ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ. ಅವರು ತಪ್ಪು ಮಾಡಿದ್ದರು ಎಂದು ತಿಳಿದು ನನಗೆ ಖುಷಿಯಾಯಿತು.

ಆಗಸ್ಟ್ 18

ಖುಷಿ ಒಂದು ದಿನವೂ ಉಳಿಯಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಮೂರು ತಿಂಗಳಾಯಿತು. ಅಪೂರ್ವ ಬಂದು ಅಪ್ಪನ ಷರಟುಗಳನ್ನು ಮಡಿಸಿ ಬ್ಯಾಗಿಗೆ ಹಾಕಿದಳು, ಯಾರಿಗಾದರೂ ಕೊಡೋಣ ಎಂದು. ನಾನು ಒಂದೊಂದಾಗಿ ಮತ್ತೆ ಹೊರಗೆ ತೆಗೆದೆ. ಅವಳು ಬ್ಯಾಗನ್ನು ಮಡಿಸಿ ಬದಿಗಿಟ್ಟಳು. ಅಮ್ಮ, ಪಾತ್ರೆ ತೊಳೀವಾಗ ಏನು ಗುನುಗ್ತಾ ಇದ್ದೆ ಎಂದು ಮಾತ್ರ ಕೇಳಿದಳು. ನಾನೆಲ್ಲಿ ಗುನುಗುತ್ತೇನೆ. ನಲ್ಲಿಯ ಸದ್ದಿರಬೇಕು.

ಆರೂವರೆಗೆ ದಿವ್ಯ ಅಭ್ಯಾಸ ಮುಗಿಸಿಕೊಂಡು, ಹೋದ ತಿಂಗಳು ಒಯ್ದಿದ್ದ ನೊಟೇಶನ್ ಪುಸ್ತಕ ವಾಪಸು ಕೊಡಲು ಬಂದಳು. ಕೊಟ್ಟರೂ ಹೋಗದೆ ನಿಂತಿದ್ದಳು.

“ಆಂಟಿ, ಒಂದು ಕೇಳ್ಲಾ? ಸರ್ ಇಲ್ಲಿ ಏನೋ ಬರ್ದಿದಾರೆ.”

ಅಂಬಿಗನ ವಿದಾಯದ ಹಾಳೆ. ಆ ನಾಲ್ಕು ಮಾತ್ರೆಯ ಜಾಗದಲ್ಲಿ ಗೀಟುಗಳು ಖಾಲಿ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ಸಣ್ಣ ಅಕ್ಷರದಲ್ಲಿ ಹೀಗಿದೆ: ‘ಕೊಳಲು ಬೇಡ. ಇಲ್ಲಿ ನಾಲ್ಕು ಮಾತ್ರೆ ಬಿಡುವುದು. ಕಾರಣ ಮನೆ ವಿಷಯ.’

“ಅಂದ್ರೆ ಸರ್‌ಗೆ ಕೊಳಲು ಗೊತ್ತಿತ್ತು. ಮನೆ ವಿಷಯ ಅಂದ್ರೆ ಏನು ಆಂಟಿ?”

ನನಗೇನು ಗೊತ್ತಮ್ಮ ಎಂದೆ. ಗೊತ್ತಿರಲಿಲ್ಲ. ಈ ಮನೆಯಲ್ಲಿ ನನಗೆ ಗೊತ್ತಿಲ್ಲದ ಮನೆ ವಿಷಯ ಯಾವುದು? ಅವಳು ಹೋದ ಮೇಲೆ ಅದನ್ನೇ ಓದಿದೆ, ಕನ್ನಡಕ ಹಾಕಿ ಒಂದು ಸಲ, ತೆಗೆದು ಒಂದು ಸಲ.

ಸೆಪ್ಟೆಂಬರ್ 23, ಮಂಗಳವಾರ

ಊರೆಲ್ಲ ದಸರೆಯ ದೀಪ. ಈ ವರ್ಷ ನಮ್ಮಲ್ಲಿ ಬೊಂಬೆ ಕೂರಿಸುವಂತಿಲ್ಲ. ಪಟ್ಟದ ಬೊಂಬೆಗಳ ಪೆಟ್ಟಿಗೆಯನ್ನು ಸುಮ್ಮನೆ ಒರೆಸೋಣ ಎಂದು ಅಟ್ಟದಿಂದ ಇಳಿಸಿದೆ. ಅದರ ಹಿಂದೆ ಟೂ ಇನ್ ಒನ್ ಇತ್ತು. ಟಾಕೀಸಿಗೆ ಒಯ್ದ ಅದೇ ಬಟ್ಟೆಯ ಚೀಲದಲ್ಲಿ, ಜೊತೆಗೆ ಐದು ಕ್ಯಾಸೆಟ್. ಎಲ್ಲದರ ಮೇಲೂ ‘ಮೂಲ, ಕೊಡಬಾರದು’ ಎಂದು ಬರೆದಿದ್ದಾರೆ.

ಹಾಕಿದರೆ ತಿರುಗಲಿಲ್ಲ. ಮಹದೇವುಗೆ ಫೋನ್ ಮಾಡಿದೆ. ನಾನಾಗಿ ಅವರಿಗೆ ಫೋನ್ ಮಾಡಿದ್ದು ಇದೇ ಮೊದಲು. ಸಂಜೆ ಬಂದು ಒಯ್ದರು. ಒಳಗಿನ ಬೆಲ್ಟು ಸಡಿಲವಾಗಿದೆಯಂತೆ, ಪರಿಚಯದ ರೇಡಿಯೋ ರಿಪೇರಿಯವರ ಹತ್ತಿರ ಹಾಕಿಸಿ ತರುತ್ತಾರಂತೆ. ಯಾಕೆ ಬೇಕಾಯಿತು ಎಂದು ಅವರು ಕೇಳಲಿಲ್ಲ. ಒಳ್ಳೆಯ ಮನುಷ್ಯ. ಇಷ್ಟು ವರ್ಷ ಗೇಟಿನ ಹತ್ತಿರ ಕಂಡರೆ ಮುಖ ತಿರುಗಿಸುತ್ತಿದ್ದೆ.

ಅಕ್ಟೋಬರ್ 2, ಗುರುವಾರ, ವಿಜಯದಶಮಿ

ಮೆರವಣಿಗೆ ನೋಡಲು ಬೀದಿಗೆ ಬೀದಿಯೇ ಖಾಲಿಯಾಗಿತ್ತು. ಮಧ್ಯಾಹ್ನ ಮೂರು ಗಂಟೆ. ಬಾಗಿಲು ಹಾಕಿಕೊಂಡು ಐದನೇ ಕ್ಯಾಸೆಟ್ ಹಾಕಿದೆ. ಮೊದಲು ಬರೀ ಸುಯ್ಯೆನ್ನುವ ಸದ್ದು. ಯಾರೋ ಕೆಮ್ಮಿದರು, ಒಂದು ಮಗು ಅತ್ತಿತು, ಕುರ್ಚಿ ಕಿರ್ ಎಂದಿತು. ನನ್ನ ಬಳೆಯ ಸದ್ದೂ ಇದೆ. ಗಾಜಿನ ಬಳೆ.

ಅಂಬಿಗನ ವಿದಾಯ ಶುರುವಾಯಿತು. ಅಷ್ಟು ಹೊತ್ತಿಗೆ ನನಗೆ ಅದು ಬಾಯಿಪಾಠವಾಗಿತ್ತು, ಯಾವಾಗ ಆಯಿತೋ. ಪಿಟೀಲುಗಳು ಇಳಿದವು, ಗಂಟೆ ಹನ್ನೊಂದನೇ ಸಲ ಬಾರಿಸಿತು, ಎಲ್ಲ ನಿಂತವು. ನಾನು ಬೆರಳು ಮಡಿಸತೊಡಗಿದೆ. ಒಂದು.

ಆಗ ಒಂದು ಹೆಣ್ಣಿನ ದನಿ, ಬಹಳ ಹತ್ತಿರದಲ್ಲಿ, ಸಿಡುಕಿಕೊಂಡು: “ರೀ, ಇನ್ಮೇಲೆ ನನ್ನ ಕರೀ...”

ಆಮೇಲೆ ದಪ್ಪನೆ ಒಂದು ಸದ್ದು, ಚರ್ಮ ಉಜ್ಜಿದಂತೆ. ಎಲ್ಲ ಮುಚ್ಚಿಕೊಂಡಿತು. ಒಳಗೆಲ್ಲೋ ಮಾತು ಇದೆ, ಕಂಬಳಿ ಹೊದ್ದು ಮಾತಾಡಿದ ಹಾಗೆ. ನಾಲ್ಕು ಮುಗಿಯುತ್ತಲೇ ಸದ್ದು ಸರಿದು ಮತ್ತೆ ಸಂಗೀತ ಬಂತು.

ಅದು ನನ್ನ ದನಿ. ಇಪ್ಪತ್ಮೂರು ವರ್ಷದ ದನಿ. ಮೈಕಿನ ಮೇಲೆ ಮುಚ್ಚಿದ್ದು ಅವರ ಅಂಗೈ.

ರಿವೈಂಡ್ ಮಾಡಿ ಮಾಡಿ ಕೇಳಿದೆ, ಎಷ್ಟು ಸಲವೋ. ಟೇಪಿನಲ್ಲಿ ಉಳಿದ ಮಾತು ಕೇಳುವುದಿಲ್ಲ. ಆದರೆ ಕೇಳಬೇಕಾಗಿಲ್ಲ, ನೆನಪಾಯಿತು. ಒಂದೇ ಸಿನಿಮಾ ಐದನೇ ಸಲ. ಅವತ್ತು ತಲೆನೋವು, ಮನೆಯಲ್ಲಿ ಅತ್ತೆ ಬೆಳಿಗ್ಗೆ ಏನೋ ಅಂದಿದ್ದರು, ತೊಡೆಯ ಮೇಲೆ ಆ ಕಬ್ಬಿಣದ ಗುಂಡಿನಂಥ ಪೆಟ್ಟಿಗೆ. ಕಾಲು ಜೋಮು ಹಿಡಿದಿತ್ತು. ನಾನು ಹೇಳಿದ್ದು ಇದು: “ರೀ, ಇನ್ಮೇಲೆ ನನ್ನ ಕರೀಬೇಡಿ. ನಾನು ಬರಲ್ಲ. ನೀವೊಬ್ರೇ ಹೋಗಿ.”

ಅವರು ಕರೆಯಲಿಲ್ಲ.

ಹೇಳಿದವಳು ಮರೆತೆ. ಕೇಳಿಸಿಕೊಂಡವರು ಮೂವತ್ತೇಳು ವರ್ಷ ಪಾಲಿಸಿದರು. ನಾನು ಮರೆತೇ ಹೋಗಿ, ಕರೆಯಲಿಲ್ಲ ಕರೆಯಲಿಲ್ಲ ಎಂದು ಮನಸ್ಸಿನಲ್ಲೇ ಅವರ ಮೇಲೆ ಹಲ್ಲು ಕಡಿದುಕೊಂಡೇ ಅವರಿಗೆ ಅನ್ನ ಬಡಿಸಿದೆ. ಅವರೂ ಒಂದು ಸಲ ಬಾಯಿಬಿಟ್ಟು ಕೇಳಬಾರದಿತ್ತೇ? ಈಗಲಾದರೂ ಬರ್ತೀಯಾ ಅನ್ನಬಾರದಿತ್ತೇ? ಮನುಷ್ಯನಿಗೆ ಇಷ್ಟು ಮರ್ಯಾದೆ ಇರಬಾರದು.

ಹೆಂಡತಿ ಸಿಡುಕಿದ್ದು ಬೇರೆಯವರ ಕಿವಿಗೆ ಬೀಳಬಾರದೆಂದು ಕಾಪಿಗಳಲ್ಲಿ ಆ ಜಾಗಕ್ಕೆ ವಾಲ್ಯೂಮನ್ನೇ ಇಳಿಸಿ ಮೌನ ಮಾಡಿದ್ದಾರೆ. ಸಿನಿಮಾ ಇನ್ನೂ ಒಂದು ವಾರ ಓಡಿತ್ತು. ಒಬ್ಬರೇ ಹೋಗಿ ಕೊಳಲನ್ನು ಮತ್ತೆ ಹಿಡಿದು ತರಬಹುದಿತ್ತು. ಹೋಗಲಿಲ್ಲ, ನನಗೆ ಚೆನ್ನಾಗಿ ನೆನಪಿದೆ. ಆ ವಾರ ಸಂಜೆಗಳಲ್ಲಿ ಮನೆಯಲ್ಲೇ ಇದ್ದರು, ನನ್ನ ಜೊತೆ ಹುರುಳಿಕಾಯಿ ನಾರು ಬಿಡಿಸುತ್ತ.

ಭಾನುವಾರಗಳಲ್ಲಿ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರಲ್ಲ, ಜೇಬು ತಡಕುತ್ತ. ಬೀಗದ ಕೈ ಯಾವಾಗಲೂ ಅವರ ಜೇಬಿನಲ್ಲೇ ಇರುತ್ತಿತ್ತು.

ಅಕ್ಟೋಬರ್ 3

ಏಳಲಿಲ್ಲ. ಅಡುಗೆ ಮಾಡಲಿಲ್ಲ. ನಾನೇ ಹೇಳಿದ್ದು. ನಾನೇ.

ಅಕ್ಟೋಬರ್ 9

ಅಪೂರ್ವಳಿಗೆ ಹೇಳೋಣ ಎಂದುಕೊಂಡೆ. ಫೋನ್ ಎತ್ತಿದವಳಿಗೆ ಟೊಮೆಟೊ ಎಷ್ಟಾಗಿದೆ ನಿಮ್ಮ ಕಡೆ ಎಂದು ಕೇಳಿ ಇಟ್ಟುಬಿಟ್ಟೆ.

ಅಕ್ಟೋಬರ್ 26, ಭಾನುವಾರ

ಇವತ್ತು ಒಂಟಿಕೊಪ್ಪಲಿಗೆ ಹೋದೆ. ಮೂರೂಮುಕ್ಕಾಲಿಗೆ ಬಾಗಿಲು ಹಾಕಿ, ಮೆಟ್ಟಿಲ ಮೇಲೆ ನಿಂತೆ. ನಡೆದು ಹೋದರೆ ಇಪ್ಪತ್ತು ನಿಮಿಷ, ಅಷ್ಟೇ ದೂರ. ಮೂವತ್ತೇಳು ವರ್ಷ ಅದು ನನಗೆ ಬೇರೆ ದೇಶವಾಗಿತ್ತು.

ಹೋದದ್ದು ಒಂದೇ ಕಾರಣಕ್ಕೆ. ಕೊಳಲು ಬೇಡ, ಮೌನವೇ ಇರಲಿ ಎಂದು ಕೇಳಲು. ಟೇಪಿನ ವಿಷಯ ಹೇಳದೆ ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೇಷ್ಟ್ರ ನೆನಪಿಗೆ ಈ ಒಂದು ವರ್ಷ ಎನ್ನಬೇಕು. ಹೆಂಡತಿಯ ಕೋರಿಕೆ ಎಂದರೆ ಯಾರು ಇಲ್ಲ ಎನ್ನುತ್ತಾರೆ.

ಮಹಡಿ ಹತ್ತಿದರೆ ಎಲ್ಲರೂ ಎದ್ದು ನಿಂತರು. ಹತ್ತು ಹನ್ನೆರಡು ಜನ ಅಷ್ಟೇ. ನಾನು ಸೈನ್ಯವೆಂದುಕೊಂಡಿದ್ದೆ. ಹಾರ್ಮೋನಿಯಂ ಮುಂದೆ ಇವರ ಕುರ್ಚಿ ಖಾಲಿ ಬಿಟ್ಟಿದ್ದರು, ಅದರ ಪಕ್ಕದಲ್ಲಿ ಇನ್ನೊಂದು. ಆ ಇನ್ನೊಂದು ಯಾರದು ಎಂದೆ.

“ಅದು ಯಾವತ್ತೂ ಅಲ್ಲೇ ಇರ್ತದೆ ಅಮ್ಮಾವ್ರೆ,” ಎಂದರು ಮಹದೇವು. “ಮೇಷ್ಟ್ರು ಬಂದ ತಕ್ಷಣ ಪಕ್ಕಕ್ಕೊಂದು ಹಾಕ್ಸೋರು. ಯಾರೂ ಕೂತಿದ್ದಿಲ್ಲ. ಚೀಲ ಇಟ್ಕೊಳಾಕೆ ಅಂತ ನಾವು ಅನ್ಕಂಡಿದ್ದೋ.”

ನಾನು ಅದರಲ್ಲಿ ಕೂತೆ. ಸೆರಗು ಬಾಯಿಗೆ ಒತ್ತಿಕೊಂಡು ಕೂತೆ.

ಅಂಬಿಗನ ವಿದಾಯ ನುಡಿಸಿದರು. ನಾಲ್ಕು ಮಾತ್ರೆಯ ಜಾಗ ಬಂದಾಗ ದಿವ್ಯ ಬಕೆಟ್ಟಿನ ಗಂಟೆ ಕೆಳಗಿಟ್ಟು, ಒದ್ದೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು, ಕೊಳಲು ಎತ್ತಿ ನುಡಿಸಿದಳು. ಮುಗಿಸಿ ನನ್ನ ಕಡೆ ನೋಡಿದಳು. ಆ ಮುಖ ನೋಡಿ ನಾನು ಜೋಡಿಸಿಕೊಂಡು ಹೋಗಿದ್ದ ಮಾತನ್ನೆಲ್ಲ ಬಿಟ್ಟುಬಿಟ್ಟೆ. ಮೂರು ವರ್ಷ ಗಂಟೆ ಬಾರಿಸಿ ಸಿಕ್ಕಿದ ನಾಲ್ಕು ಮಾತ್ರೆ ಅವಳಿಗೆ. ಸಿನಿಮಾಕ್ಕೆ ಸಂಗೀತ ಬರೆದವರೂ ಕೊಳಲನ್ನೇ ಇಟ್ಟಿದ್ದಾರೆ. ನನ್ನ ಸಿಡುಕು ಮುಚ್ಚಲು ಇನ್ನೊಬ್ಬಳ ಕೊಳಲನ್ನು ಯಾಕೆ ಮುಚ್ಚಿಸಲಿ?

“ಎರಡನೇ ಸ್ವರ ಇನ್ನೊಂಚೂರು ಹೊತ್ತು ಹಿಡಿ,” ಎಂದೆ. “ಸಿನಿಮಾದಲ್ಲಿ ಹಿಡೀತಾರೆ.”

ಎಲ್ಲರೂ ನನ್ನನ್ನೇ ನೋಡಿದರು. ಹೌದಲ್ಲ ಅಮ್ಮಾವ್ರೆ ಎಂದರು ಮಹದೇವು.

ವಾಪಸು ಬರುವಾಗ ದಾರಿಯಲ್ಲೇ ಅತ್ತೆ. ಜನ ನೋಡಿದರೆ ನೋಡಲಿ ಎನ್ನಿಸಿತು.

ನವೆಂಬರ್ 10

ದಿವ್ಯ ಕ್ವಿಜ್ ಪ್ರಶ್ನೆಪತ್ರಿಕೆ ತೋರಿಸಲು ಬಂದಿದ್ದಳು. ಹದಿನಾಲ್ಕನೇ ಪ್ರಶ್ನೆ ತೆಗೆದು, ಅಂಬಿಗನ ವಿದಾಯದ ಒಂಟಿ ವಾದ್ಯ ಯಾವುದು ಎಂದು ಹಾಕಿದ್ದಳು. ಹಾಕು, ಆದರೆ ಹಳೆಯದೂ ಇರಲಿ, ಇಪ್ಪತ್ತೊಂದಾದರೆ ಯಾರೂ ಸಾಯುವುದಿಲ್ಲ ಎಂದೆ. ಅದಕ್ಕೆ ಏನು ಉತ್ತರ ಸರಿ ಅಂತ ಕೊಡೋದು ಆಂಟಿ ಎಂದಳು. ಏನು ಬರೆದರೂ ಕೊಡು, ಯಾವತ್ತೂ ಹಾಗೇ ತಾನೇ ನಡೆದದ್ದು ಎಂದೆ.

ನಾದಿನಿ ಫೋನ್ ಮಾಡಿ, ವರ್ಷ ಕಳೆಯದೆ ಸಂಗೀತ ಕಾರ್ಯಕ್ರಮಕ್ಕೆ ಹೋಗ್ತೀಯಂತೆ ಎಂದರು. ಹೋಗ್ತೀನಿ, ತಡವಾಗಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನವೆಂಬರ್ 16, ಭಾನುವಾರ

ಇವತ್ತು ಕಾರ್ಯಕ್ರಮ ಆಯಿತು. ಬಂದವಳೇ ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ.

ಮುಂದಿನ ಸಾಲಿನಲ್ಲಿ ಕೂರಿಸಿದರು. ಶುರುವಾಗುವ ಮೊದಲು ದಿವ್ಯ ಓಡಿ ಬಂದು ತನ್ನ ಫೋನನ್ನು ನನ್ನ ತೊಡೆಯ ಮೇಲಿಟ್ಟಳು. “ಪ್ರತಿ ವರ್ಷ ರೆಕಾರ್ಡಿಂಗ್ ಸರ್ ಮಾಡ್ಕೊಳ್ತಿದ್ರು ಆಂಟಿ. ಈ ಸಲ ನೀವು. ಏನೂ ಮಾಡ್ಬೇಡಿ, ಸುಮ್ನೆ ಇಟ್ಕೊಂಡಿರಿ. ಇಲ್ಲಿ ಕೆಳಗಡೆ ಮೈಕ್ ಇದೆ, ಅದನ್ನ ಮಾತ್ರ ಮುಚ್ಬೇಡಿ.”

ಸರಿ ಎಂದೆ. ನಿಜವಾಗಿಯೂ ಸರಿ ಎಂದೇ ಅಂದುಕೊಂಡಿದ್ದೆ.

ಮಹದೇವು ಅವರ ಕ್ಲಾರಿಯೋನೆಟ್ ಇವತ್ತು ಅಳುತ್ತಿತ್ತು. ಪಕ್ಕದಲ್ಲಿ ಅಪೂರ್ವ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಕೊನೆಗೆ ಅಂಬಿಗನ ವಿದಾಯ. ಪಿಟೀಲುಗಳು ಇಳಿದವು. ಗಂಟೆ ಹನ್ನೊಂದನೇ ಸಲ ಬಾರಿಸಿತು. ದಿವ್ಯ ಕೈ ಒರೆಸಿಕೊಂಡಳು.

ನನ್ನ ಪಕ್ಕದ ಇನ್ನೊಂದು ಕುರ್ಚಿ ಖಾಲಿ ಇತ್ತು. ಈ ಸಲ ಅದನ್ನು ಹಾಕಿಸಿದವಳು ನಾನು. ಅದರ ಕಡೆ ತಿರುಗಿದೆ. ಅಂಗೈಯನ್ನು ಫೋನಿನ ಮೈಕಿನ ಮೇಲೆ ಒತ್ತಿ ಇಟ್ಟೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಅವರ ಕೈಯೂ ಅವತ್ತು ಹಾಗೇ ಬಂದಿರಬೇಕು. ಕೊಳಲು ನುಡಿಯುತ್ತಿತ್ತು, ದಿವ್ಯ ಎರಡನೇ ಸ್ವರವನ್ನು ಹಿಡಿದೇ ಹಿಡಿದಳು. ಅಷ್ಟರಲ್ಲಿ ನಾನು ಹೇಳಬೇಕಾದದ್ದನ್ನು ಹೇಳಿದೆ. ಮೂವತ್ತೇಳು ವರ್ಷದ ಹಿಂದಿನ ಮಾತನ್ನು ವಾಪಸು ತೆಗೆದುಕೊಂಡೆ. ಅದಕ್ಕೂ ನಾಲ್ಕೇ ಮಾತ್ರೆ ಹಿಡಿಯಿತು.

ಕೈ ತೆಗೆದೆ. ಎಲ್ಲ ವಾದ್ಯಗಳೂ ಒಟ್ಟಿಗೆ ಬಂದವು.

“ಅಮ್ಮ, ಏನಂದೆ?” ಎಂದಳು ಅಪೂರ್ವ.

“ಏನಿಲ್ಲ,” ಎಂದೆ.

ನವೆಂಬರ್ 18, ಮಂಗಳವಾರ

ಬೆಳಿಗ್ಗೆ ದಿವ್ಯ ಫೋನ್ ಮಾಡಿದಳು. ದನಿ ಸಣ್ಣಗಾಗಿತ್ತು.

“ಆಂಟಿ, ರೆಕಾರ್ಡಿಂಗ್ ಎಲ್ಲ ಚೆನ್ನಾಗಿ ಬಂದಿದೆ. ಆದ್ರೆ ನನ್ನ ಕೊಳಲೇ ಇಲ್ಲ. ಕರೆಕ್ಟಾಗಿ ಆ ನಾಲ್ಕು ಮಾತ್ರೆ ಮಾತ್ರ ಏನೋ ಮುಚ್ಕೊಂಡಂಗೆ ಆಗ್ಬಿಟ್ಟಿದೆ. ಸರ್ ಕ್ಯಾಸೆಟ್ ಥರಾನೇ.”

ತಪ್ಪು ಮಾಡಿದ್ದೆ. ಆ ಹುಡುಗಿಯ ನಾಲ್ಕು ಮಾತ್ರೆಯನ್ನು ಕಿತ್ತುಕೊಂಡವಳು ನಾನೇ. ಭಾನುವಾರ ಮನೆಗೆ ಬಾ, ನನ್ನೊಬ್ಬಳಿಗೋಸ್ಕರ ನುಡಿಸು, ಫೋನನ್ನು ದೂರದ ಮೇಜಿನ ಮೇಲಿಟ್ಟು ರೆಕಾರ್ಡ್ ಮಾಡೋಣ, ಕೊಳಲು ಪೂರ್ತಿ ಬರಲಿ ಎಂದೆ. ಆಮೇಲೆ ಇಬ್ಬರೂ ಒಟ್ಟಿಗೇ ಒಂಟಿಕೊಪ್ಪಲಿಗೆ ಹೋಗೋಣ ಎಂದೆ. ಹ್ಞೂಂ ಆಂಟಿ ಎಂದಳು. ಆದರೂ ಫೋನ್ ಇಡಲಿಲ್ಲ.

“ಅಲ್ಲಿ ಏನಾಯ್ತು ಆಂಟಿ?”

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಬೀಗದ ಕೈ ಸೊಂಟದಲ್ಲೇ ಇತ್ತು.

“ಮನೆ ವಿಷಯ ಕಣಮ್ಮ,” ಎಂದೆ.